ಸೊಂಟದ ಕೀಲು ಬದಲಿಸಿದ ಮೇಲೆ

ಸೊಂಟದ ಕೀಲು ಸವೆದು, ಹತ್ತು ಹೆಜ್ಜೆ ನಡೆಯುವುದೂ ದುಸ್ತರವಾದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿರುವರು. ಅಂಥವರಿಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ವರದಾನವೇ ಸರಿ. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿಯವರು 1962ರಲ್ಲಿ ಲೋಹದ ಗುಂಡು ಹಾಗೂ ಪಾಲಿಥಿನ್ ಬಟ್ಟಲನ್ನು ಜೋಡಿಸಿ ರೂಪಿಸಿದ ಕ್ರಮವು ಈ ಚಿಕಿತ್ಸೆಗೆ ಭದ್ರವಾದ ತಳಹದಿಯನ್ನು ಹಾಕಿತು. ಆದರೆ ಶಸ್ತ್ರವೈದ್ಯರು ಬದಲಿಸುವುದು ಕೀಲನ್ನು ಮಾತ್ರ; ಅದನ್ನಾಡಿಸುವ ಸ್ನಾಯುಗಳಿಗೆ ಬಲವನ್ನು ತುಂಬಬೇಕಾದವರು ನಾವೇ.

ನೋವಿಗೆ ಅಂಜಿ ವರ್ಷಗಟ್ಟಲೆ ಕಾಲನ್ನು ಬಳಸದೆ ಇದ್ದುದರಿಂದ ಸ್ನಾಯುಗಳು ಮೊದಲೇ ಸೊರಗಿರುತ್ತವೆ. ಅವುಗಳಲ್ಲಿ ಸೊಂಟದ ಪಕ್ಕದ ಸ್ನಾಯು ಮುಖ್ಯವಾದುದು. ನಡೆಯುವಾಗ ಒಂದು ಕಾಲನ್ನೆತ್ತಿದರೆ, ನೆಲದ ಮೇಲಿರುವ ಕಾಲಿನ ಕಡೆಯ ಈ ಸ್ನಾಯುವೇ ಸೊಂಟವು ವಾಲದಂತೆ ಹಿಡಿಯುವುದು. ಇದು ದುರ್ಬಲವಾದರೆ ನೋವು ಹೋದರೂ ಕುಂಟು ಉಳಿಯುವುದು.

ಆದುದರಿಂದ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ರೋಗಿಯನ್ನು ವಾಕರಿನ ಆಸರೆಯಲ್ಲಿ ನಿಲ್ಲಿಸಿ ನಡೆಸುವರು. ಮಲಗಿರುವಾಗ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದರಿಂದ ಕಾಲಿನ ರಕ್ತಸಂಚಾರ ಸರಾಗವಾಗುವುದು. ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿಯುವುದು, ಪೃಷ್ಠವನ್ನು ಬಿಗಿದು ಸಡಿಲಿಸುವುದು, ವೈದ್ಯರು ಹೇಳಿದ ಬಳಿಕ ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, ಇವು ಕ್ರಮವಾಗಿ ಬರುವ ಅಭ್ಯಾಸಗಳು. ಕೋಲನ್ನು ಶಸ್ತ್ರಚಿಕಿತ್ಸೆಯಾಗದ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದು. ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮುಂದು.

ಕೀಲು ಜಾರದಂತೆ ಮೊದಲ ಕೆಲವು ವಾರ ಎಚ್ಚರ ಅಗತ್ಯ. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸುವುದು, ಕಾಲ ಮೇಲೆ ಕಾಲು ಹಾಕುವುದು, ಕುಕ್ಕರಗಾಲಿನಲ್ಲಿ ಕೂರುವುದು ಅನೇಕರಿಗೆ ನಿಷಿದ್ಧ. ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ತಕ್ಕಂತೆ ನಿಯಮಗಳು ಬದಲಾಗುವುದರಿಂದ ತಮ್ಮ ವೈದ್ಯರ ಮಾತೇ ಪ್ರಮಾಣ. ಎತ್ತರದ ಕುರ್ಚಿಯೂ ಕಮೋಡೂ ಮನೆಯಲ್ಲಿರಲಿ.

ನೆಲದ ಮೇಲೆ ಕೂಡದೆ ಶಿವಪೂಜೆ ಹೇಗೆಂದು ಹಿರಿಯರು ಕೊರಗುವುದುಂಟು. ಇಷ್ಟಲಿಂಗವು ನೆಲೆಗೊಳ್ಳುವುದು ಅಂಗೈಯಲ್ಲಿ. ಕುರ್ಚಿಯಲ್ಲಿ ಕುಳಿತು ಮಾಡಿದ ಪೂಜೆಗೆ ಯಾವ ಕೊರತೆಯೂ ಇಲ್ಲ. ಗುರುಗಳೆದುರು ಬಾಗಿ ಪಾದ ಮುಟ್ಟಲಾಗದಿದ್ದರೆ ನಿಂತೇ ಕೈಮುಗಿದರೆ ಸಾಕು.

ಇನ್ನು ಮನೆಯವರಿಗೆ ಒಂದು ಮಾತು. "ನೀವು ಏಳಬೇಡಿ ಅಪ್ಪಾ, ಎಲ್ಲ ನಾವೇ ತಂದುಕೊಡುತ್ತೇವೆ" ಎನ್ನುವ ಮಗ ಸೊಸೆಯರ ಪ್ರೀತಿ ದೊಡ್ಡದು. ಆದರೆ ಕೂರಿಸಿ ಉಣಿಸುವ ಈ ಸೇವೆಯೇ ಸ್ನಾಯುಗಳನ್ನು ಮತ್ತಷ್ಟು ಸೊರಗಿಸುವುದು. ನೀರಿನ ಲೋಟವನ್ನು ತಂದುಕೊಡುವ ಬದಲು, ಅವರು ತಾವೇ ಎದ್ದುಹೋಗಿ ಕುಡಿಯುವಾಗ ಪಕ್ಕದಲ್ಲಿ ನಡೆಯಿರಿ. ಜಾರುವ ಚಾಪೆಗಳನ್ನು ತೆಗೆಯಿರಿ, ಬಚ್ಚಲಲ್ಲಿ ಹಿಡಿಕೆ ಹಾಕಿಸಿರಿ. ಬೇಳೆ, ಮೊಳಕೆ ಕಾಳು, ಹಾಲು, ಮೊಸರು ಊಟದಲ್ಲಿರಲಿ. ಮೀನಖಂಡದಲ್ಲಿ ಬಾವು ನೋವು, ಉಸಿರಾಟಕ್ಕೆ ತೊಂದರೆ, ಜ್ವರ, ಗಾಯದಿಂದ ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗಾಯವು ವಾರಗಳಲ್ಲಿ ಮಾಯುವುದು. ಬಲ ಬರಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಹಿಡಿದೀತು. ನೋವು ನಿಂತಿತೆಂದು ಅಭ್ಯಾಸವನ್ನು ನಿಲ್ಲಿಸಬಾರದು. ದಿನವೂ ತಪ್ಪದೆ ನಡೆಸುವ ಈ ಅಭ್ಯಾಸವನ್ನು ಹಿರಿಯರು ಆ ದಿನಗಳ ಕಾಯಕವೆಂದೇ ಭಾವಿಸಲಿ.