ಸಕ್ಕರೆ ಕಾಯಿಲೆ: ಮನಸ್ಸನ್ನೂ ವಿಚಾರಿಸೋಣ

ಅಡಿಕೆಗೆ ಮದ್ದು ಬಿಡುವ ದಿನವನ್ನು ಎಂದೂ ತಪ್ಪಿಸದ ನಮ್ಮೂರಿನ ಕೃಷಿಕರೊಬ್ಬರು ತಮ್ಮ ಇನ್ಸುಲಿನನ್ನು ಮಾತ್ರ ಎರಡು ತಿಂಗಳು ನಿಲ್ಲಿಸಿದ್ದರು. ನಾವು ಮನೆಗೆ ಹೋಗಿ ಕೇಳಿದೆವು. ಹಣದ ತೊಂದರೆಯಲ್ಲ, ಬೇಸರ. "ಮದುವೆ ಊಟಕ್ಕೆ ಕುಳಿತರೆ ಎಲ್ಲರೂ ನನ್ನ ಬಟ್ಟಲನ್ನೇ ನೋಡುತ್ತಾರೆ, ಫಾದರ್" ಎಂದರು. ಸೂಜಿ ಬಂತೆಂದರೆ ಕೊನೆಗಾಲ ಬಂತೆಂಬ ಭಯವೂ ಇತ್ತು.

ಇದನ್ನು ಉದಾಸೀನವೆನ್ನಲಾಗದು. ಸಕ್ಕರೆ ಕಾಯಿಲೆಯವರಲ್ಲಿ ಮನೋಖಿನ್ನತೆ ಉಳಿದವರಿಗಿಂತ ಹೆಚ್ಚು. ಮನಸ್ಸು ಸೋತರೆ ಮಾತ್ರೆ, ಪಥ್ಯ, ನಡಿಗೆ ಎಲ್ಲವೂ ತಪ್ಪುತ್ತವೆ, ಸಕ್ಕರೆ ಏರುತ್ತದೆ, ಅದನ್ನು ಕಂಡು ಮನಸ್ಸು ಮತ್ತಷ್ಟು ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 1998ರ ಪ್ರಶ್ನಾವಳಿಯಲ್ಲಿ ಇರುವುದು 5 ಮಾತುಗಳು ಮಾತ್ರ. ಕಳೆದ 2 ವಾರ ಉಲ್ಲಾಸವಿತ್ತೇ? ನಿದ್ದೆಯಿಂದ ಎದ್ದಾಗ ದಣಿವು ಆರಿತ್ತೇ? ಇಂಥವು. ಮನೆಯಲ್ಲೂ ಕೇಳಬಹುದು, ಖರ್ಚಿಲ್ಲ.

ಚಿಕಿತ್ಸೆ ಒಗ್ಗದಿದ್ದರೆ ಡಾಕ್ಟರರಿಗೆ ಬಾಯಿಬಿಟ್ಟು ಹೇಳಬೇಕು: ತೋಟದಲ್ಲಿ ನಡುಕ ಬರುತ್ತದೆ, ರಾತ್ರಿ ಬೆವರುತ್ತದೆ, ಚುಚ್ಚಿಕೊಳ್ಳಲು ಹೆದರಿಕೆಯಾಗುತ್ತದೆ ಎಂದು. ಹೊತ್ತನ್ನೂ ಪ್ರಮಾಣವನ್ನೂ ಅವರು ಬದಲಿಸಬಲ್ಲರು. ಪೆನ್ನಿನ ಸೂಜಿ ಈಗ 4 ಮಿಲ್ಲಿಮೀಟರಿನದೂ ಸಿಗುತ್ತದೆ. ನಾವಾಗಿಯೇ ಮದ್ದು ನಿಲ್ಲಿಸುವುದು ಬೇಡ. ಮನೆಯವರೂ "ಮತ್ತೆ ತಿಂದಿರಾ?" ಎಂದು ಗದರುವುದನ್ನು ಬಿಡಲಿ. ಆ ಕೃಷಿಕರ ಮನೆಯಲ್ಲಿ ಈಗ ಎಲ್ಲರದೂ ಸಕ್ಕರೆಯಿಲ್ಲದ ಚಹಾ. ಮೊಮ್ಮಗನಿಗಷ್ಟೇ ತಕರಾರು.