ಗಂಡ ಚುನಾವಣೆಗೆ, ವಿಚಾರಣೆ ಹೆಂಡತಿಗೆ!

ದೊಮ್ಮಲೂರಿನ ಮೇಲ್ಸೇತುವೆ ಕಳೆದು ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಲೀಲಾ ಪ್ಯಾಲೇಸ್ ಹೋಟೆಲು. ನಮ್ಮಂಥವರು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುವ ಜಾಗ ಅನ್ನಿ! 2009ರ ಆಗಸ್ಟ್‌ನಲ್ಲಿ ಅಲ್ಲೊಂದು ಆರತಕ್ಷತೆ ನಡೆಯಿತು. ವಧು ಇನ್ಫೋಸಿಸ್‌ನ ನಾರಾಯಣಮೂರ್ತಿ, ಸುಧಾಮೂರ್ತಿಯವರ ಮಗಳು ಅಕ್ಷತಾ. ಹುಬ್ಬಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಯಲ್ಲಿ ಓದಿದ ಹುಡುಗಿ. ವರ ರಿಷಿ ಸುನಕ್, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಪರಿಚಯವಾದವರು. ಈ ಅಳಿಯ ಒಂದು ದಿನ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ನಿಲ್ಲುತ್ತಾರೆ, ಆಗ ಮಗಳ ಗಂಟಿನ ಲೆಕ್ಕವನ್ನು ಊರೆಲ್ಲ ಕೇಳುತ್ತದೆ ಎಂದು ಅಂದು ಹರಸಿ ಊಟ ಮಾಡಿ ಹೋದವರಲ್ಲಿ ಯಾರು ಎಣಿಸಿದ್ದರು?

ರಿಷಿ ಸೌತಾಂಪ್ಟನ್ನಿನ ವೈದ್ಯರೊಬ್ಬರ ಮಗ. ತಾಯಿಯದು ಔಷಧಿ ಅಂಗಡಿ. ಅದರ ಲೆಕ್ಕ ಬರೆಯುತ್ತಿದ್ದವನು ಹುಡುಗನೇ. 2015ರಲ್ಲಿ ಯಾರ್ಕ್‌ಷೈರಿನ ರಿಚ್ಮಂಡ್ ಎಂಬ, ದನ-ಕುರಿ ಸಾಕುವ ಹಳ್ಳಿಗಾಡಿನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. 2020ರಲ್ಲಿ ಹಣಕಾಸು ಸಚಿವರಾದರು. 2022ರ ಜುಲೈ 5ರಂದು ರಾಜೀನಾಮೆ ಕೊಟ್ಟರು. ಎರಡೇ ದಿನದಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಇಳಿಯಬೇಕಾಯಿತು. ಖಾಲಿಯಾದ ಸ್ಥಾನಕ್ಕೆ ರಿಷಿಯೂ ಸ್ಪರ್ಧಿಸಿದರು.

ಇಲ್ಲೊಂದು ಸ್ವಾರಸ್ಯ ನೋಡಿ. ರಿಷಿಯವರ ಬೆಳವಣಿಗೆಯ ಕಥೆಯ ತುಂಬ ಹೆಂಗಸರ ದುಡ್ಡೇ! ಮದುವೆಯ ಒಡವೆ ಮಾರಿ ಆಫ್ರಿಕಾದಿಂದ ಬ್ರಿಟನ್ನಿಗೆ ಟಿಕೆಟ್ ಕೊಂಡ ಅಜ್ಜಿ. ಅಂಗಡಿ ನಡೆಸಿದ ತಾಯಿ. ಟಿ.ವಿ. ಚರ್ಚೆಯಲ್ಲಂತೂ ಅವರು ಅತ್ತೆಯ ಉಳಿತಾಯವನ್ನು ಹೆಮ್ಮೆಯಿಂದಲೇ ನೆನೆದರು. 1981ರಲ್ಲಿ ಸುಧಾಮೂರ್ತಿಯವರು ಗಂಡನಿಗೆ ಕೊಟ್ಟ 10,000 ರೂಪಾಯಿ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ!

ಅಜ್ಜಿ, ತಾಯಿ, ಅತ್ತೆ, ಮೂವರ ಹಣವೂ ಕೀರ್ತಿ ತಂದಿತು. ಹೆಂಡತಿಯ ಹಣ ಮಾತ್ರ ಮುಳ್ಳಾಯಿತು.

ಅಕ್ಷತಾಗೆ ಇನ್ಫೋಸಿಸ್‌ನಲ್ಲಿ ಶೇಕಡ ಒಂದಕ್ಕಿಂತ ತುಸು ಕಡಿಮೆ ಷೇರುಗಳಿದ್ದವು. ಬ್ರಿಟನ್ನಿನಲ್ಲಿ ಆಗ ಒಂದು ನಿಯಮವಿತ್ತು: ಕಾಯಂ ನೆಲೆ ಬೇರೆ ದೇಶದಲ್ಲಿದೆ ಎನ್ನುವವರು ಹೊರದೇಶದ ಆದಾಯವನ್ನು ಅಲ್ಲಿಗೆ ತರದಿದ್ದರೆ ಅದಕ್ಕೆ ಅಲ್ಲಿ ತೆರಿಗೆ ಕಟ್ಟಬೇಕಿಲ್ಲ. ವರ್ಷಗಟ್ಟಲೆ ಅಲ್ಲೇ ಇದ್ದವರು ಈ ಸೌಲಭ್ಯಕ್ಕಾಗಿ ವರ್ಷಕ್ಕೆ 30,000 ಪೌಂಡ್ ಕಟ್ಟಬೇಕು. ಭಾರತದ ಪ್ರಜೆಯಾದ ಅಕ್ಷತಾ ಅದನ್ನೇ ಮಾಡಿದ್ದರು. ಕಾನೂನಿನ ಪ್ರಕಾರ ತಪ್ಪಿಲ್ಲ. 2022ರ ಏಪ್ರಿಲ್‌ನಲ್ಲಿ ಇದು ಪತ್ರಿಕೆಯಲ್ಲಿ ಬಂತು. ಗಂಡ ಜನರ ಸಂಬಳದಿಂದ ಕಡಿತವಾಗುವ ವಿಮಾ ವಂತಿಗೆಯನ್ನು ಏರಿಸಿದ್ದು ಜಾರಿಗೆ ಬಂದದ್ದೂ ಅದೇ ವಾರ! ಗದ್ದಲ ಎದ್ದ ಎರಡೇ ದಿನದಲ್ಲಿ, ಇನ್ನು ಮುಂದೆ ಎಲ್ಲ ಆದಾಯಕ್ಕೂ ಬ್ರಿಟನ್ನಿನಲ್ಲೇ ತೆರಿಗೆ ಕಟ್ಟುತ್ತೇನೆ, ನನ್ನಿಂದ ಗಂಡನ ಕೆಲಸಕ್ಕೆ ಅಡ್ಡಿಯಾಗಬಾರದು ಎಂದು ಆಕೆ ಪ್ರಕಟಿಸಿದರು.

ತವರಿನಿಂದ ಬಂದದ್ದು ಹೆಣ್ಣಿನದು. ಅದನ್ನು ಗಂಡನ ಖಾತೆಗೆ ಸೇರಿಸಿ ಮಾತಾಡೋದು ನಮಗೇನೂ ಹೊಸದಲ್ಲ ಬಿಡಿ. ಆದರೂ ನನ್ನ ಮಟ್ಟಿಗೆ, ಜನ ಕೇಳಿದ್ದು ಅನ್ಯಾಯವಲ್ಲ. ತೆರಿಗೆ ಏರಿಸುವ ಕೈ ಯಾವ ಮನೆಯದೋ ಆ ಮನೆಯ ತೆರಿಗೆಯನ್ನೂ ಕೇಳುವ ಹಕ್ಕು ಕಟ್ಟುವವರಿಗೆ ಇರಬೇಕು. ಅನ್ಯಾಯ ಅನ್ನಿಸಿದ್ದು ಚಹಾದ ವಿಷಯ! ರಿಷಿ ರಾಜೀನಾಮೆ ಕೊಟ್ಟಾಗ ಮನೆಯ ಮುಂದೆ ಕಾದು ನಿಂತ ಪತ್ರಕರ್ತರಿಗೆ ಅಕ್ಷತಾ ತಾವೇ ತಟ್ಟೆಯಲ್ಲಿ ಚಹಾ, ಬಿಸ್ಕತ್ತು ತಂದಿಟ್ಟರು. ಬಂದವರಿಗೆ ಒಂದು ಲೋಟ ಏನಾದರೂ ಕೊಡದೆ ಕಳಿಸದ ನಮ್ಮ ಕಡೆಯ ರೂಢಿ, ಅಲ್ಲವೇ? ಮರುದಿನದ ಸುದ್ದಿ ಏನು ಗೊತ್ತಾ? ಒಂದೊಂದು ಕಪ್ಪಿನ ಬೆಲೆ 38 ಪೌಂಡು, ಅಂದರೆ ಮೂರು ಸಾವಿರ ರೂಪಾಯಿಗೂ ಮಿಗಿಲು ಅಂತ!

ಅಲ್ಲಿನ ಪದ್ಧತಿಯಲ್ಲಿ ಮೊದಲು ಪಕ್ಷದ ಸಂಸದರು ಸುತ್ತು ಸುತ್ತಾಗಿ ಮತ ಹಾಕಿ ಇಬ್ಬರನ್ನು ಉಳಿಸುತ್ತಾರೆ. ಅಲ್ಲಿ 137 ಮತ ಪಡೆದು ರಿಷಿಯೇ ಮುಂದಿದ್ದರು. ಆಮೇಲೆ ಚಂದಾ ಕಟ್ಟಿದ ಸದಸ್ಯರ ಸರದಿ. ಸುಮಾರು 1,72,000 ಮಂದಿ. ಸೆಪ್ಟೆಂಬರ್ 5ರ ಎಣಿಕೆಯಲ್ಲಿ ಲಿಜ್ ಟ್ರಸ್‌ಗೆ 81,326, ರಿಷಿಗೆ 60,399. ಸೋಲಿಗೆ ಹೆಂಡತಿಯೇ ಕಾರಣ ಎಂದರೆ ಸುಳ್ಳಾದೀತು. ಟ್ರಸ್ ಕೂಡಲೇ ತೆರಿಗೆ ಇಳಿಸುತ್ತೇನೆಂದರು, ರಿಷಿ ಮೊದಲು ಬೆಲೆಯೇರಿಕೆ ಹಿಡಿತಕ್ಕೆ ಬರಲಿ ಎಂದರು. ಜಾನ್ಸನ್‌ರನ್ನು ಬೀಳಿಸಿದವನೆಂಬ ಮುನಿಸೂ ಇತ್ತು.

ಟ್ರಸ್ ಅವರ ಲೆಕ್ಕ ಏಳು ವಾರವೂ ನಡೆಯಲಿಲ್ಲ. ಅಕ್ಟೋಬರ್ 24ರಂದು ರಿಷಿ ಅವಿರೋಧವಾಗಿ ನಾಯಕರಾದರು, ಮರುದಿನ ಪ್ರಧಾನಿ. ಮಗಳು ತನ್ನ ಗಂಡನನ್ನು ಪ್ರಧಾನಿ ಮಾಡಿದಳು ಎಂದು ಸುಧಾಮೂರ್ತಿಯವರು ಆಮೇಲೆ ನಗುತ್ತಾ ಹೇಳಿದ್ದೂ ಉಂಟು. ಅಕ್ಷತಾ ಬಳಸಿದ್ದ ಆ ತೆರಿಗೆ ಸೌಲಭ್ಯವನ್ನು ರದ್ದು ಮಾಡುವುದಾಗಿ 2024ರ ಮಾರ್ಚ್‌ನಲ್ಲಿ ಘೋಷಿಸಿದ್ದು ರಿಷಿಯವರ ಸರಕಾರವೇ. 2025ರ ಏಪ್ರಿಲ್‌ನಿಂದ ಅದು ಹೋಯಿತು.

ಅಷ್ಟರಲ್ಲಿ ರಿಷಿಯೂ ಇಳಿದಾಗಿತ್ತು. 2024ರ ಜುಲೈನ ಮಹಾಚುನಾವಣೆಯಲ್ಲಿ ಪಕ್ಷ ಸೋತು, ಅವರು ಬೀದಿಯಲ್ಲಿ ನಿಂತು ವಿದಾಯದ ಮಾತಾಡುವಾಗ ಅಕ್ಷತಾ ಹಿಂದೆ ಛತ್ರಿ ಹಿಡಿದು ನಿಂತಿದ್ದರು. ಅವತ್ತು ಸಂಜೆಯ ಹೊತ್ತಿಗೆ ಜನ ಚರ್ಚಿಸುತ್ತಿದ್ದದ್ದು ಆಕೆ ತೊಟ್ಟಿದ್ದ ಕೆಂಪು, ಬಿಳಿ, ನೀಲಿ ಪಟ್ಟೆಯ ಉಡುಪನ್ನು.