ಎಂಟು ಕಾಲಿನ ನೆರೆಯವರು

ನಾಯಿ ಸಾಕುವವರುಂಟು, ಬೆಕ್ಕು ಸಾಕುವವರುಂಟು, ಗಿಳಿ ಸಾಕಿ ಅದಕ್ಕೆ ರಾಮನಾಮ ಕಲಿಸುವವರೂ ಉಂಟು. ಆದರೆ ಜೇಡ ಸಾಕುವವರು ನಮ್ಮ ಬಿಬವೇವಾಡಿಯಲ್ಲಿ, ಅದೂ ನಮ್ಮದೇ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಇದ್ದಾರೆಂದು ಕಳೆದ ವರುಷ ತಿಳಿದಾಗ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. "ಏನ್ರೀ, ಅದು ಕೆಳಗ ಇಳದು ಬಂದರ ಏನ್ ಗತಿ?" ಎಂದಳು ನನ್ನಾಕೆ. ಧಾರವಾಡದಿಂದ ಬಂದಿದ್ದ ಅವ್ವ ಮಾತ್ರ ಜಪಮಾಲೆ ಬಿಡದೆಯೇ, "ಕಾಳಹಸ್ತಿಯೊಳಗ ಶಿವನ ಪೂಜಾ ಮಾಡಿದ್ದು ಜೇಡ ಅಲ್ಲೇನು? ಸುಮ್ಮನಿರು" ಎಂದಳು. 'ಶ್ರೀ' ಎಂದರೆ ಜೇಡ, 'ಕಾಳ' ಎಂದರೆ ಹಾವು, 'ಹಸ್ತಿ' ಎಂದರೆ ಆನೆ. ಈ ಮೂವರು ಭಕ್ತರಿಂದಲೇ ಆ ಕ್ಷೇತ್ರಕ್ಕೆ ಹೆಸರು ಬಂದಿತೆಂದು ಸ್ಥಳಪುರಾಣ.

ಹನ್ನೆರಡು ವರುಷದ ಮಗ ಬಿಡಲಿಲ್ಲ. ಒಂದು ಭಾನುವಾರ ಅವನ ಹಿಂದೆ ಮಾಳಿಗೆ ಹತ್ತಿದೆ.

ಸಾಕಿದಾತ ಕಾಲೇಜಿನಲ್ಲಿ ಓದುವ ಮರಾಠಿ ಹುಡುಗ, ಬಹಳ ವಿನಯಶಾಲಿ. "ಬನ್ನಿ ಕಾಕಾ" ಎಂದು ಮೂರು ಗಾಜಿನ ಪೆಟ್ಟಿಗೆ ತೋರಿಸಿದ. ಮೊದಲನೆಯದರಲ್ಲಿ ಮೆಕ್ಸಿಕೋ ದೇಶದ್ದು: ಅಂಗೈಯಗಲದ ಕಪ್ಪು ಮೈ, ಮೊಣಕಾಲುಗಳು ಕುಂಕುಮ ಬಳಿದಂತೆ ಕೆಂಪು. ಪಿಂಚಣಿ ಪಡೆದ ಹಿರಿಯರು ಆರಾಮ ಕುರ್ಚಿಯಿಂದ ಏಳುವಂತೆ ಒಂದೊಂದೇ ಕಾಲನ್ನು ವಿಚಾರಿಸಿ ಎತ್ತಿಡುತ್ತಿತ್ತು. ಉಳಿದೆರಡು ಚಿಲಿ ದೇಶದವು; ಎರಡೂ ಒಂದೇ ಜಾತಿ, ಒಂದೇ ದಿನ ತಂದವು. ಆದರೂ ಒಂದು ನೀರಿನ ಬಟ್ಟಲು ಬದಲಿಸುವಾಗ ಮೂಲೆಗೆ ಸರಿದು ಸುಮ್ಮನಾಯಿತು. ಇನ್ನೊಂದು ಬಟ್ಟಲು ಅಲುಗಿದ್ದೇ ತಡ ಮುಂಗಾಲೆತ್ತಿ ಕಾಳಗಕ್ಕೆ ನಿಂತಿತು. ಒಂದೇ ಮನೆಯ ಅಣ್ಣತಮ್ಮಂದಿರೂ ಹೀಗಿರುವುದುಂಟಷ್ಟೆ!

ಇವುಗಳಿಗೆ ಟಾರಂಟುಲಾ ಎಂದು ಹೆಸರು. ಇಟಲಿಯ ಟಾರಾಂಟೊ ಪಟ್ಟಣದಿಂದ ಬಂದ ಹೆಸರಿದು; ಅಲ್ಲಿ ಅದು ಬೇರೊಂದು ಜಾತಿಯ ಜೇಡಕ್ಕಿತ್ತು, ಕಾಲಕ್ರಮದಲ್ಲಿ ಈ ರೋಮಮಯ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು. ಇವುಗಳ ಸ್ವಭಾವದ ಗುಟ್ಟು ಇವುಗಳ ಆಯುಧದಲ್ಲಿದೆಯೆಂದು ಹುಡುಗ ವಿವರಿಸಿದ. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳಿಗೆ ಹೊಟ್ಟೆಯ ಮೇಲೆ ತುರಿಕೆಯ ರೋಮಗಳಿವೆ. ಅಂಜಿಕೆಯಾದರೆ ಹಿಂಗಾಲಿನಿಂದ ಅವನ್ನು ಉದುರಿಸಿ ಎದುರಾಳಿಯ ಮೇಲೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ವೈದ್ಯರ ಮನೆ. ಈ ಉಪಾಯವಿರುವುದರಿಂದ ಕಚ್ಚುವ ಅವಸರ ಅವಕ್ಕಿಲ್ಲ. ಏಷ್ಯ, ಆಫ್ರಿಕಗಳ ಟಾರಂಟುಲಾಗಳಿಗೆ ಈ ರೋಮಗಳಿಲ್ಲ. ಓಡಬೇಕು, ಇಲ್ಲವೆ ಕಚ್ಚಬೇಕು. ಆದ್ದರಿಂದ ಅವು ಮಹಾ ಚುರುಕು, ಮಹಾ ಸಿಡುಕು. ನಾವು ಸಿಟ್ಟೆಂದು ಕರೆಯುವುದು ಅವುಗಳ ಪಾಲಿಗೆ ಬರಿಯ ಅಂಜಿಕೆ.

"ನಿನ್ನ ಗುರುತು ಹಿಡಿಯುತ್ತವೆಯೇ?" ಎಂದು ಕೇಳಿದೆ. "ಇಲ್ಲ ಕಾಕಾ" ಎಂದು ನಕ್ಕ. ಎಂಟು ಕಣ್ಣುಗಳಿದ್ದರೂ ದೃಷ್ಟಿ ಮಂದ. ಕಾಲಿನ ರೋಮಗಳಿಗೆ ತಾಗುವ ಕಂಪನದಿಂದಲೇ ಅವು ಲೋಕವನ್ನರಿಯುತ್ತವೆ. ಕೈಮೇಲೆ ಆಡಿಸುವುದು ನಮ್ಮ ಚಪಲವೇ ಹೊರತು ಅವುಗಳ ಸುಖವಲ್ಲ. ಕೈಯೆತ್ತರದಿಂದ ಬಿದ್ದರೂ ಹೊಟ್ಟೆಯೊಡೆದು ಸಾಯಬಹುದು. ಪೊರೆ ಬಿಡುವಾಗ ಅಂಗಾತ ಮಲಗುತ್ತವೆ. ಸತ್ತಿತೆಂದು ತಿಳಿದು ಎಸೆದವರಿದ್ದಾರಂತೆ. ವಾರಕ್ಕೊಂದು ಜಿರಳೆ ಸಾಕು, ತಿಂಗಳುಗಟ್ಟಲೆ ಉಪವಾಸವಿದ್ದರೂ ಚಿಂತೆಯಿಲ್ಲ. ಗಂಡಿನ ಆಯುಷ್ಯ ಕೆಲವೇ ವರುಷ. ಹೆಣ್ಣು ಇಪ್ಪತ್ತು ವರುಷ ದಾಟುವುದುಂಟು.

ಹೊರಡುವಾಗ ಹುಡುಗ ಒಂದು ಕಾಗದ ತೋರಿಸಿದ. ಮೆಕ್ಸಿಕೋದ ಆ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. 2022ರಲ್ಲಿ ನಮ್ಮ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಅಂಥ ಪ್ರಾಣಿಗಳನ್ನಿಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಅವನು ಮಾಡಿಸಿದ್ದ. ದಿನವಿಡೀ ಅರ್ಜಿಗಳ ನಡುವೆಯೇ ಬಾಳುವ ನನಗೆ ಜೇಡಕ್ಕಿಂತ ಆ ಕಾಗದವೇ ಹೆಚ್ಚು ಹಿಡಿಸಿತೆಂದರೆ ಸುಳ್ಳಲ್ಲ. ಎಲ್ಲರೂ ಹೀಗಿರುವುದಿಲ್ಲ. 2021ರ ಜುಲೈಯಲ್ಲಿ ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆಯ ಕಟ್ಟೊಂದನ್ನು ಸುಂಕದವರು ಬಿಚ್ಚಿದಾಗ, ಪುಟ್ಟ ಪುಟ್ಟ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು.

ನಮ್ಮ ನಾಡಿನವೂ ಹೀಗೆ ಹೊರದೇಶಗಳಿಗೆ ಹೋಗಿವೆ. ಬಳ್ಳಾರಿಯಿಂದ ದೂರವಲ್ಲದ ಗುತ್ತಿಯಲ್ಲಿ, ರೈಲ್ವೆಯ ಮರದ ಅಂಗಳದಲ್ಲಿ ಸಿಕ್ಕ ಒಂದು ನೀಲಿ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ಆಂಗ್ಲ ವಿದ್ವಾಂಸರು ವರ್ಣಿಸಿದರು. ಮರದ ದಿಮ್ಮಿಗಳೊಡನೆ ಬಂದ ಪರವೂರಿನ ಜೀವ ಅದು. ಆದರೂ ಗುತ್ತಿಯ ಹೆಸರೇ ಅದಕ್ಕೆ ನಿಂತಿತು. ಅದರ ನಿಜವಾದ ಮನೆ ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡೆಂದು ತಿಳಿದದ್ದು 2001ರಲ್ಲಿ. ಇಂದು ಯುರೋಪು, ಅಮೆರಿಕಗಳ ಹವ್ಯಾಸಿಗಳ ಪೆಟ್ಟಿಗೆಗಳಲ್ಲಿ ಅದು ಬೆಳೆಯುತ್ತಿದೆ. ತನ್ನ ಕಾಡಿನಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿದೆ.

ಇಷ್ಟನ್ನು ಕೇಳಿದ ಮಗನ ಕಣ್ಣಿಗೆ ಊರೆಲ್ಲ ಜೇಡವೇ ಆಯಿತು. ಮೇ ತಿಂಗಳ ರಜೆಯಲ್ಲಿ, ಯಲ್ಲಾಪುರದ ಕಡೆ ಕೊಟ್ಟಿರುವ ನನ್ನ ಅಕ್ಕನ ಮನೆಗೆ ಹೋದೆವು. ಉತ್ತರ ಕನ್ನಡದ ದರೆಗಳಲ್ಲಿ ಬಿಲ ತೋಡಿ ಬಾಳುವ ಟಾರಂಟುಲಾಗಳಿವೆ. ಅಂಥದೊಂದಕ್ಕೆ ಅದೇ ಪೊಕಾಕ್ 1899ರಲ್ಲಿ ಲ್ಯಾಟಿನ್ನಿನಲ್ಲಿ 'ಟ್ರುಕ್ಯುಲೆಂಟಸ್', ಅಂದರೆ ಜಗಳಗಂಟ, ಎಂದೇ ಹೆಸರಿಟ್ಟರು. ಅಕ್ಕನ ಮಗನೊಡನೆ ರಾತ್ರಿ ಬ್ಯಾಟರಿ ಹಿಡಿದು ಹೋದಾಗ ರಸ್ತೆಬದಿಯ ಕೆಮ್ಮಣ್ಣಿನ ದರೆಯಲ್ಲಿ ಬಿಲ ಕಂಡಿತು. ಬಾಯಿಯ ಸುತ್ತ ಬಿಳಿಯ ನೂಲಿನ ಅಂಚು. ಕನ್ನಡದಲ್ಲಿ ನೇಕಾರನಿಗೂ ಜೇಡನೆಂದೇ ಹೆಸರು. ಜೇಡರ ದಾಸಿಮಯ್ಯ ನೆನಪಾದ. ಹುಲ್ಲುಕಡ್ಡಿ ತಾಗಿಸಿದೊಡನೆ ಒಳಗಿನ ಜೀವ ಬಾಗಿಲಿಗೇ ಬಂದು ಮುಂಗಾಲೆತ್ತಿತು.

"ಅಪ್ಪಾ, ಒಂದಽ ಒಂದು ಒಯ್ಯೋಣು" ಎಂದ ಮಗ. ಚೀಲದಲ್ಲಿ ಊಟದ ಡಬ್ಬಿ ಸಿದ್ಧವಾಗಿಯೇ ಇತ್ತು!

"ಬ್ಯಾಡ. ಅದು ಹೆಣ್ಣಿದ್ದರ ನಿನಗಿಂತ ಹಿರಿಯಳಿರಬಹುದು. ಈ ಮನಿ ಆಕಿ ಕಟ್ಟಿಕೊಂಡದ್ದು."

ಎರಡು ದಿನ ಮಾತು ಬಿಟ್ಟ. ಬರುವಾಗ ಆ ದರೆಯ ಬಿಲಗಳನ್ನೆಣಿಸಿ ವಹಿಯಲ್ಲಿ ಬರೆದುಕೊಂಡ: ಹದಿನಾಲ್ಕು.

ಡಿಸೆಂಬರಿನಲ್ಲಿ ಅಕ್ಕನ ಮಗ ಫೋನು ಮಾಡಿದ. ರಸ್ತೆ ಅಗಲ ಮಾಡಲು ಆ ದರೆಯನ್ನು ಕಡಿದುಹಾಕಿದ್ದರು. ಮಗ ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಅಪ್ಪಾ, ಅವತ್ತ ತಂದಿದ್ದರ ಒಂದಾದರೂ ಉಳೀತಿತ್ತಲ್ಲ?"

ಒಂದನ್ನು ತಂದರೆ ಉಳಿದ ಹದಿಮೂರರ ಗತಿಯೇನು, ಡಬ್ಬಿಯಲ್ಲಿ ಉಳಿದದ್ದು ದರೆಯಲ್ಲಿ ಉಳಿದಂತಾಯಿತೇ ಎಂದು ನಾನೇನೋ ಹೇಳಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಸಮಾಧಾನವಾಗಿರಲಿಲ್ಲ. ಸಾಕುವ ಆಸೆ ತಪ್ಪೆಂದು ನಾನೆನ್ನಲಾರೆ. ಆದರೆ ಆ ಹದಿನಾಲ್ಕು ಬೇಡಿದ್ದು ನಮ್ಮ ಪ್ರೀತಿಯನ್ನಲ್ಲ, ಅಲುಗದ ಮಣ್ಣಿನ ಗೋಡೆಯೊಂದನ್ನು ಮಾತ್ರ.

ಮೊನ್ನೆ ಆ ವಹಿ ತೆಗೆದು ನೋಡಿದೆ. ಹದಿನಾಲ್ಕರ ಕೆಳಗೆ ಹೊಸತಾಗಿ ಒಂದು ಸಾಲು ಬರೆದಿದ್ದಾನೆ: "ಮೇ ತಿಂಗಳು, ರಸ್ತೆಯ ಆಚೆ ಬದಿಯ ದರೆ, ಎಣಿಸಬೇಕು." ರಜೆಗೆ ಅರ್ಜಿ ಬರೆದಿಟ್ಟಿದ್ದೇನೆ. ಊಟದ ಡಬ್ಬಿಯನ್ನು ಈ ಸಲ ಅವನೇ ಬೇಡವೆಂದಿದ್ದಾನೆ.